ಬೇವಿನ ಗಿಡದ ಕೆಳಗಿನ ಪುಟಾಣಿ

ಮೊನ್ನೆ ಹಾಲು ಉಕ್ಕಿ ಗ್ಯಾಸಿನ ಒಲಿ ಆರಿಹೋತು. ನಾ ಹಿತ್ತಲದಾಗ ಅರಿವಿ ಹಿಂಡಾಕತ್ತಿದ್ದೆ. ಒಳಗ ಬಂದರ ವಾಸನಿ ಗಪ್ಪಂತ ಮೂಗಿಗೆ ಬಡೀತು. ಲೈಟಿನ ಬಟನ್ನಿಗೆ ಕೈ ಹಚ್ಚಲಿಲ್ಲ. ಗ್ಯಾಸ್ ಬಂದ್ ಮಾಡಿ, ಬಾಗಲಾ ಪೂರಾ ತೆಗೆದು, ಎರಡೂ ಹುಡುಗರ ರಟ್ಟಿ ಹಿಡಿದು ಓಣಿಗೆ ಎಳಕೊಂಡು ಬಂದೆ. ಹುಡುಗರು ನನ್ನವಲ್ಲ, ಎದುರಮನಿಯವು. ಅವರವ್ವ ಸಿಂಧನೂರು ಬಜಾರದಾಗ ಅರಿವಿ ಅಂಗಡಿಗೆ ಕೆಲಸಕ್ಕ ಹೋಗತಾಳ, ಸಂಜಿತನ ನಾ ನೋಡಕೊಂತೀನಿ. ಅಲ್ಲಿ ಓಣಿಯಾಗ ನಿಂತಾಗ ಆಯಿ ನೆನಪಾದಳು...

ಆಯಿ ಅಂದರ ಅಜ್ಜಿ, ಆದರ ನಮ್ಮ ಸ್ವಂತ ಅಜ್ಜಿ ಅಲ್ಲ. ಬಳಗಾನೂರಾಗ ನನ್ನ ತವರಮನಿ ಮಗ್ಗಲಕ್ಕ ಇದ್ದಾಕಿ. ಹಿಂದಿಲ್ಲ ಮುಂದಿಲ್ಲ, ಬಾಯಾಗ ಹಲ್ಲಿಲ್ಲ. ನೆಲ್ಲು ನಾಟಿ ಬಂತಂದರ ಊರ ಹೆಣ್ಣುಮಕ್ಕಳೆಲ್ಲ ಹೊತ್ತು ಮೂಡೂದರಾಗ ಗದ್ದಿಗೆ ಇಳೀತಿದ್ದರು. ಕೂಸು ಹುಡುಗರನ್ನ ಆಯಿ ಮನ್ಯಾಗ ಬಿಟ್ಟು ಹೋಗತಿದ್ದರು. ಸಂಜಿಗೆ ಯಾರರ ಒಂದು ರೊಟ್ಟಿ, ಯಾರರ ಒಂದು ಹಿಡಿ ಅಕ್ಕಿ ಕೊಡತಿದ್ದರು. ನಾ ಆಗ ಪರಕಾರ ಉಡೂ ಹುಡುಗಿ. ಸಾಲಿಗೆ ಹೋಗಲಿಲ್ಲ, ಆಯಿ ಕೈಕೆಳಗ ಕೂಸು ಆಡಸಾಕ ಹೋದೆ. ಅದ ನನ್ನ ಸಾಲಿ.

ಆಯಿದು ಬಾಯಿ ಕೆಟ್ಟದು, ಬೆಂಕಿ ಹುಷಾರು ಅಂತ ಊರಿಗೆಲ್ಲ ಬೈದು ಹೇಳತಿದ್ದಳು. ಕಡ್ಡಿಪೆಟ್ಟಿಗಿ ಯಾವಾಗಲೂ ಉಡಿಯಾಗ ಕಟ್ಟಿಕೊಂಡಿರತಿದ್ದಳು. ಚಿಮಣಿ ಎಣ್ಣಿ ಡಬ್ಬಿ ಹೊರಗ ಗೂಟಕ್ಕ, ಹುಡುಗರ ಕೈಗೆ ನಿಲುಕದಂಗ. ಒಲಿ ಮ್ಯಾಲೆ ಎಸರು ಇದ್ದರ ಅಲ್ಲೇ ಕುಂದರತಿದ್ದಳು, ಯಾರು ಕರದರೂ ಏಳತಿರಲಿಲ್ಲ. ಕೆಲವು ತಾಯಂದಿರು ಹುಡುಗರನ್ನ ಹೊರಸಿನ ಕಾಲಿಗೆ ಹಳೇ ಸೀರಿ ಚುಂಗಿಲೆ ಕಟ್ಟಿ ಹೋಗತಿದ್ದರು, ಕಾಲುವೆ ಕಡೆ ಹೋದಾವು ಅಂತ. ಅವರು ಓಣಿ ದಾಟೂದ ತಡ, ಆಯಿ ಬಿಚ್ಚತಿದ್ದಳು.

"ಕಟ್ಟಿದ ಕರ ಹೆಂಗ ಓಡತೈತಿ ಬೇ? ಕಣ್ಣು ಇರೋದು ಯಾಕ, ನೀ ಕಾಯಿ" ಅಂತಿದ್ದಳು ನನಗ.

ಇನ್ನೊಂದು ಆಟ ಇತ್ತು. ಉಡದ ಆಟ. ಆಯಿ ಸುಮ್ಮನ ಕುಂತಾಕಿ ಒಮ್ಮಿಗೇ "ಹೊಗಿ ಬಂತಲೇ" ಅಂದಳಂದರ, ಹುಡುಗರೆಲ್ಲ ಉಡದಂಗ ನೆಲಕ್ಕ ಹೊಟ್ಟಿ ಹಚ್ಚಿ ತೆವಳಿಕೊಂತ ಬಾಗಲಾ ದಾಟಬೇಕು, ಬೇವಿನ ಗಿಡ ಮುಟ್ಟಬೇಕು. ಹೊಗಿ ಮ್ಯಾಲೆ ಇರತೈತಿ, ಉಸಿರು ಕೆಳಗ ಇರತೈತಿ ಅಂತಿದ್ದಳು. ತೊಟ್ಟಲಾಗಿನ ಕೂಸು ನನ್ನ ಪಾಲು. ಕೂಸು ಎತ್ತಿದ ಕೈಯಾಗ ಮತ್ತೊಂದು ಸಾಮಾನು ಇರಬಾರದು. ಹೊರಗ ಬಂದಮ್ಯಾಲೆ ಬಂಗಾರ ಒಳಗಿದ್ದರೂ ತಿರುಗಿ ಹೋಗಬಾರದು. ಗಿಡದ ಕೆಳಗ ಬಂದವಕ್ಕ ಒಂದೊಂದು ಹಿಡಿ ಪುಟಾಣಿ, ಹುರದ ಕಡಲಿ. ಆಯಿ ತಾನೂ ಒಂದು ಹಿಡಿ ದವಡ್ಯಾಗ ಇಟ್ಟಕೊಂಡು ನೆನೆಸಿ ನುಂಗತಿದ್ದಳು. ಪುಟಾಣಿ ಆಸಿಗೆ ಹುಡುಗರು ದಿನಾ ಕಾಡತಿದ್ದವು, "ಆಯಿ, ಹೊಗಿ ಯಾವಾಗ ಬರತೈತಿ?"

ಒಂದು ದಿನ ಪುಟಾಣಿ ತೀರಿದವು. ಆಯಿ ಮುಂಜಾನೆ ಬಸ್ಸಿಗೆ ಮಸ್ಕಿ ಸಂತಿಗೆ ಹೋದಳು. ನಾ ಒಬ್ಬಾಕಿ. ಒಬ್ಬ ಸಣ್ಣ ಗಂಡುಹುಡುಗನ ತಾಯಿ ನನ್ನ ಮಾರಿ ನೋಡಿ, "ಇಕಿ ಏನು ಕಾಯತಾಳ, ಇಕಿನ್ನೇ ಒಬ್ಬರು ಕಾಯಬೇಕು" ಅಂದು ಮಗನ್ನ ಹೊರಸಿಗೆ ಬಿಗಿದು ಹೋದಳು. ಅಕಿ ಹೋದಮ್ಯಾಲೆ ನಾ ಬಿಚ್ಚಿದೆ. ಗಂಟು ಬಿಗಿ ಇತ್ತು, ಹಲ್ಲಿಲೆ ಬಿಚ್ಚಿದೆ.

ಹೊತ್ತು ನೆತ್ತಿಗೆ ಬಂದಿತ್ತು. ಹಿತ್ತಲ ಕಡೆ ಚಟಚಟ ಸಪ್ಪಳ ಆತು. ನೋಡಿದರ ತಿಪ್ಪಿ ಮಗ್ಗಲಿನ ಹುಲ್ಲಿನ ಬಣವಿಗೆ ಬೆಂಕಿ, ಅಲ್ಲಿಂದ ಮನಿ ಸೂರಿಗೆ. ಒಳಗ ಹೊಗಿ ಇಳಿಯಾಕತ್ತಿತ್ತು. ನನ್ನ ಬಾಯಿ ಆಯಿದ ಆತು. "ಹೊಗಿ ಬಂತಲೇ" ಅಂದೆ.

ಹುಡುಗರು ನಕ್ಕೊಂತ ನೆಲಕ್ಕ ಬಿದ್ದವು. ಒಬ್ಬರ ಕಾಲು ಒಬ್ಬರು ಜಗ್ಗಿಕೊಂತ, ಮುಂದ ಹೋದಾವನ್ನ ಬೈಕೊಂತ ತೆವಳಿದವು. ನಾ ಕೂಸು ಎತ್ತಿ ಬಗ್ಗಿ ಹಿಂದ ಬಂದೆ. ಆಯಿಗೆ ಇದ್ದದ್ದು ಒಂದ ಕೌದಿ, ಅದು ಬಾಗಲ ಮಗ್ಗಲಿಗೇ ಇತ್ತು. ಕೈ ಚಾಚಿದರ ಸಿಗತಿತ್ತು. ಚಾಚಲಿಲ್ಲ.

ಹೊಗಿ ನೋಡಿ ಗದ್ದಿಯಿಂದ ಹೆಣ್ಣುಮಕ್ಕಳು ಕೆಸರುಗಾಲಾಗ ಓಡಿ ಬಂದರು. ಗಿಡದ ಕೆಳಗ ಹುಡುಗರು ಬಾಯಿ ಮಾಡಿ ಅಳಾಕತ್ತಿದ್ದವು. ಸುಟ್ಟಾವು ಅಂತ ತಿಳಿದು ತಾಯಂದಿರು ಎದಿ ಬಡಕೊಂಡು, ಮೈ ಕೈ ತಿರುವಿ ತಿರುವಿ ನೋಡಿದರು. ಏನೂ ಇಲ್ಲ. ಪುಟಾಣಿ ಕೊಟ್ಟಿಲ್ಲಂತ ಅಳಾಕತ್ತಿದ್ದವು. ಗಂಟು ಬಿಗಿದಾಕಿ ಮಗನ್ನ ಉಡಿಯಾಗ ಹಾಕ್ಕೊಂಡು ಕುಂತಳು.

ಬಸ್ಸು ಇಳಿದು ಆಯಿ ಬಂದಾಗ ಮನಿ ಅನ್ನೋದು ನಾಲ್ಕು ಕರೇ ಗೋಡಿ. ಅಕಿ ಆ ಕಡೆ ನೋಡಲಿಲ್ಲ. ಒಂದೊಂದು ಹುಡುಗನ ತಲಿ ಮುಟ್ಟಿಕೊಂತ ಬಂದಳು, ಕಡೀಕ ನನ್ನ ತಲಿ. ಆಮ್ಯಾಲೆ ತಿಪ್ಪಿ ಕಡೆ ಹೋಗಿ ಕಟಗಿಲೆ ಕೆದರಿದಳು. ಬೂದಿ ಆಯಿ ಮನೀದ. ಬಸ್ಸು ತಪ್ಪೀತಂತ ಮುಂಜಾನೆ ಒಲಿ ಬೂದಿ ಹಂಗ ಚೆಲ್ಲಿ ಹೋಗಿದ್ದಳು. ಬೂದಿಯಾಗ ಕೆಂಡ ಇತ್ತು.

"ಊರಿಗೆಲ್ಲ ಹೇಳಾಕಿ, ನಿನ್ನ ಮನಿ ನೀನ ಸುಟ್ಟಿ ಅಲ್ಲಬೇ" ಅಂದಳು ಒಬ್ಬಾಕಿ.

"ಹೂಂ ಮತ್ತ. ಬೆಂಕಿ ಶಾಣ್ಯಾರ ಮನಿಗೂ ಬರತೈತಿ. ಅದಕ್ಕ ಓಡಾಕ ಕಲಿಸಿದ್ದು" ಅಂದಳು ಆಯಿ.

ಹಂಗ ಅಂದು ಸಂತಿ ಚೀಲ ಬಿಚ್ಚಿದಳು. ಸುಟ್ಟ ಮನಿ ಮುಂದ, ಬೇವಿನ ಗಿಡದ ಕೆಳಗ, ಹುಡುಗರಿಗೆ ಒಂದೊಂದು ಹಿಡಿ ಪುಟಾಣಿ ಹಂಚಿದಳು. ತಾಯಂದಿರೂ ಕೈ ಒಡ್ಡಿದರು. ಅಳಾಕ ಬಂದವರು ತಿಂದು ನಕ್ಕು ಎದ್ದರು. ಮರುದಿನ ಗದ್ದಿ ಕೆಲಸ ಬಿಟ್ಟು ಎಲ್ಲರೂ ಸೇರಿ ಸೂರು ಹೊದಿಸಿದರು. ಆವತ್ತಿನಿಂದ ನಮ್ಮ ಓಣಿಯಾಗ ಬೂದಿ ಚೆಲ್ಲೂಕಿಂತ ಮೊದಲು ಎಲ್ಲರೂ ನೀರು ಹಾಕತಿದ್ದರು.

ಆಯಿ ಸತ್ತಾಗ ನಾ ಲಿಂಗಸುಗೂರು ಕಡೆ ಗಂಡನ ಮನ್ಯಾಗ ಇದ್ದೆ. ಸುದ್ದಿ ಮುಟ್ಟೂದರಾಗ ಮಣ್ಣು ಆಗಿತ್ತು. ರೊಟ್ಟಿ ಬಡಿಯಾಕತ್ತಿದ್ದೆ... ಬಡದು ಮುಗಿಸಿದೆ.

ಮೊನ್ನೆ ಓಣಿಯಾಗ ನಿಂತಾಗ ಸಣ್ಣಾಂವ ಕೈ ಒಡ್ಡಿದ. "ಅಜ್ಜಿ, ಹೊರಗ ಬಂದೀವಲ್ಲ, ಪುಟಾಣಿ ಕೊಡು." ಇವಕ್ಕೂ ಉಡದ ಆಟ ಹೇಳಿಕೊಟ್ಟೀನಿ. ಇಲ್ಲಿ ಬೇವಿನ ಗಿಡ ಇಲ್ಲ, ಪುಟಾಣಿ ಡಬ್ಬಿ ಎದುರಮನಿ ಕಟ್ಟಿ ಮ್ಯಾಲೆ ಇಟ್ಟೀನಿ. ಇಬ್ಬರಿಗೂ ಕೊಟ್ಟೆ. ಒಂದು ಹಿಡಿ ನನ್ನ ದವಡ್ಯಾಗ ಇಟ್ಟಕೊಂಡೆ, ನನಗೂ ಈಗ ಹಲ್ಲಿಲ್ಲ. ಒಳಗಿನ ವಾಸನಿ ಹೋಗೂತನ ನೆನೆಸಿಕೊಂತ ನಿಂತೆ. ನನ್ನ ತಲಿ ಮುಟ್ಟಿ ನೋಡೋ ಕೈ ಈಗಿಲ್ಲ. ಹುಡುಗರ ತಲಿ ನಾನ ಮುಟ್ಟಿ ನೋಡಿದೆ.