ಅರಿಶಿನ ಕಟ್ಟಿದ ಕಲ್ಲು

೧೯೯೩ರ ನವೆಂಬರ್. ನಾನಾಗ ಸರ್ಕಾರಿ ಭೂವಿಜ್ಞಾನಿ. ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ಭೂಮಿ ಕೊರೆಸುತ್ತಿದ್ದೆ. ನೀರಿಗಲ್ಲ, ಕಲ್ಲಿಗೆ. ಈ ಸೀಮೆಯ ಕರಿಕಲ್ಲಿನ ಹಾಸಿನ ಕೆಳಗೆ ನೂರಾರು ಕೋಟಿ ವರ್ಷ ಹಳೆಯ ಬಂಡೆಗಳಿವೆ. ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಇವುಗಳಿಗೆ ರೂಪಾಂತರ ಶಿಲೆ ಎನ್ನುತ್ತಾರೆ. ಭೂಖಂಡದ ಎರಡು ತುಂಡುಗಳು ಎಂದೋ ಢಿಕ್ಕಿಯಾಗಿದ್ದರೆ ಅದರ ಗುರುತು ಇವುಗಳಲ್ಲೇ ಉಳಿದಿರುತ್ತದೆ.

ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಕಿಲ್ಲಾರಿಯ ಭೂಕಂಪವಾಗಿ ಎರಡು ತಿಂಗಳೂ ಆಗಿರಲಿಲ್ಲ. ಲಾರಿ ಹೋದರೂ ಜನ ಬೆಚ್ಚುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕೊರೆದ ಕಲ್ಲಿನ ಬಣ್ಣ ಬದಲಾದದ್ದನ್ನು ಕಂಡ ಹಿಗ್ಗಿನಲ್ಲಿ, ಹಾರೂಗೇರಿಯ ಚಹಾದಂಗಡಿಯಲ್ಲಿ, "ಪಾಲಬಾವಿ ಕೆಳಗ ಎರಡು ಭೂಖಂಡ ಢಿಕ್ಕಿ ಹೊಡದಾವ" ಅಂದುಬಿಟ್ಟೆ. ಯಾವಾಗ ಎಂಬುದನ್ನು ಹೇಳಲೇ ಇಲ್ಲ. ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟಿತು. ಕೆಲವರು ಮನೆ ಬಿಟ್ಟು, ಹೊಲದಲ್ಲಿ ಕಬ್ಬಿನ ಒಣಗರಿಯ ಗುಡಿಸಲು ಹಾಕಿಕೊಂಡರು. ನಮ್ಮ ಕೊರೆಯುವ ಯಂತ್ರ ರಿಗ್ಗಿನ ಪಕ್ಕದ ಮನೆಯ ಗಂಗವ್ವ, ಕೂಲಿ ಹೆಣ್ಣುಮಗಳು, ಒಂದು ತಿಂಗಳ ಕೂಸನ್ನೆತ್ತಿಕೊಂಡು ಅಲ್ಲಿಗೇ ಹೋದಳು. ಚಳಿಗೆ ಕೂಸಿಗೆ ಕೆಮ್ಮು ಹತ್ತಿತು.

ಕೊರೆದಾಗ ಬರುವ ಉರುಳೆಯಂಥ ಕಲ್ಲಿಗೆ ಕೋರ್ ಎನ್ನುತ್ತಾರೆ. ಅದನ್ನು ಮರದ ಪೆಟ್ಟಿಗೆಯಲ್ಲಿ ಆಳದ ಕ್ರಮದಲ್ಲಿ ಜೋಡಿಸಿಡುತ್ತೇವೆ. ನಾಲ್ಕು ದಿನದ ಮೇಲೆ ಪರೀಕ್ಷೆಗೆ ಕೂತರೆ, ನೂರ ಹನ್ನೆರಡನೇ ಮೀಟರಿನಲ್ಲಿ ಒಂದು ಗೇಣು ಜಾಗ ಖಾಲಿ! ಮೇಲೆ ಒಂದು ಬಗೆಯ ಬಂಡೆ, ಕೆಳಗೆ ಬೇರೆ ಬಗೆ; ಎರಡೂ ಕೂಡಿದ ಜಾಗವೇ ಇಲ್ಲ. ಪೆಟ್ಟಿಗೆ ಖಾಲಿಯಿದ್ದರೆ ಬಂಡೆ ಪುಡಿಯಾಗಿ, ಕೊರೆಯುವಾಗ ಬಿಡುವ ನೀರಲ್ಲಿ ಕೊಚ್ಚಿಹೋಯಿತು ಎಂದುಕೊಳ್ಳುವುದು ನಮ್ಮ ಚಾಳಿ. ಅಂದರೆ ಆ ಕೂಡುಜಾಗದ ಬಿರುಕು ಇನ್ನೂ ಹಸಿಯಾಗಿರಬಹುದು, ಮತ್ತೆ ಜಾರಿ ನೆಲ ನಡುಗಿಸಬಹುದು. ನನ್ನ ಜಂಬದ ಮಾತೇ ನಿಜವಾದರೆ ಎಂದು ಪೆಟ್ಟಿಗೆಯನ್ನು ಮತ್ತೊಮ್ಮೆ ತಡಕಿದೆ.

ರಿಗ್ಗಿನ ಮೇಸ್ತ್ರಿ, ನಿಪ್ಪಾಣಿಯ ಮಾರುತಿ, ಒಪ್ಪಲಿಲ್ಲ. "ಬ್ಯಾರಲ್ ಕೊಳವಿ ತುಂಬಿ ಕಲ್ಲು ಬಂದಿತ್ರಿ ಸಾಹೇಬ್ರ. ನಾನ ಕೈಯಾರೆ ಇಟ್ಟೀನಿ. ಯಾರೋ ಒಯ್ದಾರ."

ವಿಚಾರಿಸುತ್ತ ಗುಡಿಸಲಿಗೆ ಹೋದಾಗ ಗಂಗವ್ವ ತಾನಾಗಿಯೇ ಬಟ್ಟೆ ಸುತ್ತಿದ ಕಲ್ಲನ್ನು ತಂದಿಟ್ಟಳು. ಒಳಗೆ ದಪ್ಪಗೆ ಅರಿಶಿನ ಮೆತ್ತಿತ್ತು.

"ಭೂಮಿತಾಯಿಗೆ ಪೆಟ್ಟು ಬಿದ್ದ ಜಾಗಾ ಇದ ಅಂತ ರಿಗ್ಗಿನವ್ರು ಅಂದ್ರು. ಗಾಯಕ್ಕ ಅರಿಶಿನಾ ಕಟ್ಟಬೇಕಲ್ರಿ? ತಪ್ಪಾತೇನು?"

ಬೈಯಬೇಕೆಂದು ಬಂದವನು ನೀರು ಕೇಳಿದೆ. ಕಲ್ಲು ತೊಳೆದು ಲೆನ್ಸ್ ಹಿಡಿದೆ. ಎರಡೂ ಬಂಡೆಗಳು ಎಳೆಎಳೆಯಾಗಿ ಹೆಣೆದುಕೊಂಡಿದ್ದವು. ಆ ಎಳೆಗಳಿಗೆ ಅಡ್ಡವಾಗಿ ದಾಳಿಂಬೆ ಬೀಜದಂಥ ಕೆಂಪು ಗಾರ್ನೆಟ್ ಹರಳುಗಳು, ಒಂದೂ ಒಡೆದಿರಲಿಲ್ಲ. ಗಾರ್ನೆಟ್ ಹುಟ್ಟುವುದು ನೆಲದಾಳದ ಭಾರಿ ಬಿಸಿಯಲ್ಲಿ. ಢಿಕ್ಕಿಯ ನಂತರ ಬೆಳೆದ ಹರಳು ಇಂದಿಗೂ ಇಡಿಯಾಗಿದೆ ಎಂದರೆ, ಬೆಸುಗೆ ಆ ಕಾಲಕ್ಕೇ ಕೂಡಿಕೊಂಡಿದೆ, ಮತ್ತೆ ಇಲ್ಲಿ ಜಾರಿಲ್ಲ.

"ಇದು ಯಾವಾಗೋ ಮಾಯ್ದ ಗಾಯ, ಯವ್ವಾ" ಅಂದೆ.

"ಅಂದ್ರ ಭೂಕಂಪ ಆಗೂದಿಲ್ಲೇನ್ರಿ?"

ಆಗೂದಿಲ್ಲ ಎಂದುಬಿಡುವುದು ಸುಲಭವಿತ್ತು. ಆದರೆ ಒಂದು ಗೇಣು ಕಲ್ಲು ಅಷ್ಟು ಭರವಸೆ ಕೊಡುವುದಿಲ್ಲ.

"ಅದನ್ನ ಯಾರಿಗೂ ಹೇಳಾಕ ಬರೂದಿಲ್ಲ. ಈ ಬಿರುಕಿನ ಹೆದರಿಕಿ ಮಾತ್ರ ಬಿಡು."

ಅವಳ ಮನೆಗೆ ಹೋಗಿ ಗೋಡೆ ಪರೀಕ್ಷಿಸಿದೆ. ನೆಲ ನಡುಗಿದರೆ ಬೀಳದಿರಲೆಂದು, ಮೇಲೆ ಹೇರಿದ್ದ ಸಡಿಲ ಕಲ್ಲುಗಳನ್ನು ಅವಳ ಗಂಡನೂ ಮಾರುತಿಯೂ ಸೇರಿ ಇಳಿಸಿದರು. ಆಮೇಲೆ ಒಳಗೆ ಗೋಡೆಗೊರಗಿ ಕೂತು ಚಹಾ ಕೇಳಿದೆ. ಅವಳ ಗಂಡ ಕೊಟ್ಟದ್ದನ್ನು ಒಂದು ಗುಟುಕು ಕುಡಿಯುವಷ್ಟರಲ್ಲಿ ಹೊರಗೆ ಕಬ್ಬಿನ ಲಾರಿ ಹಾದು ಜಂತಿ ಗಡಗಡ ಎಂದಿತು. ನಾನು ಬೆಚ್ಚಿ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡೆ.

ಕೂಸನ್ನೆತ್ತಿಕೊಂಡು ಹೊಸ್ತಿಲಾಚೆ ನಿಂತಿದ್ದ ಗಂಗವ್ವ ನೋಡಿದಳು. "ಸಾಹೇಬ್ರ, ನಿಮಗೂ ಹೆದರಿಕಿ ಐತೇನ್ರಿ?"

"ಐತವ್ವಾ."

"ಹಂಗಾರ ನೀವು ಖರೇನ ಹೇಳಾಕತ್ತೀರಿ" ಎನ್ನುತ್ತ ಒಳಗೆ ಬಂದು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಎಷ್ಟು ತೊಳೆದರೂ ಆ ಕಲ್ಲಿನ ಹಳದಿ ಪೂರ್ತಿ ಹೋಗಲಿಲ್ಲ. ಅದು ಖನಿಜವಲ್ಲ, ಅರಿಶಿನ ಎಂದು ವರದಿಯಲ್ಲಿ ಒಂದು ಸಾಲು ಬರೆಯಬೇಕಾಯಿತು. ಅಂದಿನಿಂದ ಜನ ಏನಾದರೂ ಕೇಳಿದರೆ, ನನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ಗೊತ್ತಿರುವುದನ್ನು ಅವರು ನಂಬುವುದು ಆಮೇಲೆ.