ಬೂಟಿನಂಗಡಿಯನ್ನು ಉದ್ಧಾರ ಮಾಡಿದವನು

ಅವನಿದ್ದ ಬೀದಿಯವರು ಅವನಿಗೆ ಇಟ್ಟ ಹೆಸರು 'ಐಡಿಯಾ'. ಯಾವುದಾದರೂ ಅಂಗಡಿ ಮುಚ್ಚಿದರೆ, "ಐಡಿಯಾ ಅಲ್ಲಿಗೂ ಹೋಗಿದ್ನಾ?" ಎಂದು ಮೊದಲು ಕೇಳುತ್ತಿದ್ದರು, ಬಾಡಿಗೆ ಏರಿತ್ತೋ, ಮಾಲೀಕನಿಗೆ ಕಾಯಿಲೆಯೋ ಎಂಬುದೆಲ್ಲ ಆಮೇಲಿನ ಮಾತು. ಬಟ್ಟೆ ಒಗೆಯುವವನಿಗೆ 'ಬೆಳಗ್ಗೆ ಕೊಡಿ, ಸಂಜೆ ಒಯ್ಯಿರಿ' ಎಂದು ಬೋರ್ಡು ಬರೆಸಿಕೊಟ್ಟವನು ಇವನೇ. ಬಟ್ಟೆ ಒಣಗಲು ಬಿಸಿಲು ಬೇಕೆಂಬ ಸಣ್ಣ ವಿಷಯ ಅಷ್ಟು ದೊಡ್ಡ ತಲೆಯೊಳಗೆ ಹಿಡಿಸಿರಲಿಲ್ಲ. ಮೋಡ ಮುಚ್ಚಿದ ಒಂದು ವಾರ ಅರ್ಧ ಬೀದಿ ಹಸಿ ಷರಟು ತೊಟ್ಟು ಕೆಲಸಕ್ಕೆ ಹೋಯಿತು.

ಇಂಥ ಮಹಾನುಭಾವ ಒಂದು ದಿನ ಅಕ್ಕನ ಮನೆಗೆ ಬಂದಿಳಿದ. ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಚೌಕಟ್ಟು. ವ್ಯಾಪಾರ ಬೆಳೆಸುವುದು ಹೇಗೆಂದು ಯಾರೋ ನಡೆಸಿದ ಎರಡು ದಿನದ ತರಬೇತಿಯಲ್ಲಿ ಕೊಟ್ಟ ಸರ್ಟಿಫಿಕೇಟು ಅದು. ಸ್ವಂತದ್ದೊಂದು ಗೂಡಂಗಡಿಯನ್ನೂ ನಡೆಸಿದವನಲ್ಲ.

ಅಕ್ಕನಿಗೆ ತಮ್ಮನ ಹಣೆಬರಹ ಗೊತ್ತಿತ್ತು. ಆದರೂ ಇರಲಿ ಎಂದು ಒಳಗೆ ಕರೆದಳು, ವ್ಯಾಪಾರ ಬಿದ್ದುಹೋಗಿದ್ದ ಕಾಲ ಅದು. ಊರಂಚಿನ ಕಾರ್ಖಾನೆ ಇವತ್ತು ತೆರೆದರೆ ನಾಳೆ ಮುಚ್ಚುತ್ತಿತ್ತು. ಜನ ಹೊಸ ಬೂಟು ಬಿಟ್ಟು ಹಳೆಯದಕ್ಕೇ ಅಟ್ಟೆ ಹಾಕಿಸುತ್ತಿದ್ದರು. ಅವಳ ಗಂಡ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅಳತೆಗೆ ತಕ್ಕಂತೆ ಬೂಟು ಹೊಲಿಯುವವನು. ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ತನಗೆ ಬೇಕಾದದ್ದನ್ನು ಅದರಲ್ಲೇ ಗೀಚಿಕೊಳ್ಳುತ್ತಿದ್ದ. ಹೆಬ್ಬೆರಳ ಗಂಟು. ಬೆವರು ಜಾಸ್ತಿ. ಹಿಮ್ಮಡಿ ಒಳಕ್ಕೆ ವಾಲುತ್ತೆ. ಮೇಲೆ ಗಿರಾಕಿಯ ಹೆಸರು. ಇಪ್ಪತ್ತು ವರ್ಷದ ಕಾಲುಗಳೆಲ್ಲ ಕಪಾಟಿನಲ್ಲಿದ್ದವು, ಬೀಗದೊಳಗೆ.

ಆ ತಿಂಗಳು ಒಂದು ಆಸೆ ಇತ್ತು. ಶಾಲೆಯ ಹೆಡ್‌ಮಿಸ್ಸು ತಮ್ಮಂತೆಯೇ ಶಾಲೆಯ ಮಕ್ಕಳಿಗೆಲ್ಲ ಇಲ್ಲೇ ಬೂಟು ಹೊಲಿಸುವುದಾಗಿ ಹೇಳಿದ್ದರು. ಸೋಮವಾರ ಬಂದು ಚರ್ಮ ನೋಡಿ ಒಪ್ಪಿದರೆ ವರ್ಷವಿಡೀ ಉಸಿರಾಡಬಹುದಿತ್ತು.

"ಭಾವ, ನಿಮ್ಮ ಅಂಗಡಿ ಹೊರಗಿಂದ ನೋಡಿದ್ರೆ ಸತ್ತ ಮನೆ ಥರ ಇದೆ," ಎಂದ ಐಡಿಯಾ. "ಗಿರಾಕಿಗೆ ನಂಬಿಕೆ ಬರೋ ಹಾಗೆ ಏನಾದ್ರೂ ಕಾಣ್ಬೇಕು."

"ಬೂಟು ಕಾಣುತ್ತಲ್ಲ ಮಾರಾಯ," ಎಂದ ಭಾವ, ಬಾಯಲ್ಲಿದ್ದ ಮೊಳೆ ತೆಗೆಯದೆ.

ಭಾನುವಾರ ಗಂಡಹೆಂಡತಿ ಚರ್ಮ ತರಲು ಪೇಟೆಗೆ ಹೋದರು. ಕಪಾಟಿನ ಬೀಗದ ಕೈ ಎಲ್ಲಿರುತ್ತದೆಂದು ಮನೆಯಲ್ಲಿ ಉಂಡುಟ್ಟು ಬಿದ್ದಿದ್ದವನಿಗೆ ಗೊತ್ತಿರದೆ ಇರುತ್ತದೆಯೇ? ಅವರು ತಿರುಗಿ ಬರುವಷ್ಟರಲ್ಲಿ ಅಂಗಡಿಯ ಗಾಜಿನ ತುಂಬ ಊರವರ ಪಾದಗಳು. ಮೇಲೆ ದಪ್ಪಕ್ಷರದ ಬರಹ: 'ಇವರೆಲ್ಲ ನಮ್ಮನ್ನು ನಂಬಿದ್ದಾರೆ'. ಕೆಳಗೆ ಹೆಸರು, ಗಂಟು, ಬೆವರು, ಎಲ್ಲ. ಎದುರಿಗೆ ನಿಂತು ಹೆಡ್‌ಮಿಸ್ಸು ಓದುತ್ತಿದ್ದರು. ನಾಳೆ ಬಿಡುವಿಲ್ಲವೆಂದು ಇವತ್ತೇ ಬಂದಿದ್ದರಂತೆ.

ಅವರ ಕಾಗದದಲ್ಲಿ ಹೀಗಿತ್ತು: 'ಎಡಗಾಲು ಗಿಡ್ಡ. ಅಟ್ಟೆ ಒಂದು ಬೆರಳು ಹೆಚ್ಚು. ಹೊರಗಿಂದ ಗೊತ್ತಾಗಬಾರದು.'

ಹದಿನಾಲ್ಕು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಈಗ ತರಕಾರಿಯವಳಿಗೂ ಗೊತ್ತು.

"ಮೇಡಂ, ನಿಮ್ಮದನ್ನ ನಟ್ಟನಡುವೆ ಹಾಕಿದ್ದೀನಿ," ಎಂದ ಐಡಿಯಾ, ಬಹುಮಾನ ಕೊಡುವವನ ಹಾಗೆ.

ಅವರು ಅವನ ಕಡೆ ತಿರುಗಲೇ ಇಲ್ಲ. ಬೂಟಿನವನನ್ನು ನೋಡಿದರು. ಅವರು ನೆಟ್ಟಗೆ, ಎಂದಿನಂತೆ ಒಂದಿಷ್ಟೂ ಕುಂಟದೆ ನಡೆದುಹೋದರು.

ಸಂಜೆ ಅಕ್ಕ ಆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೋದಳು. ಹೆಡ್‌ಮಿಸ್ಸು ಅದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು. "ನಿಮ್ಮ ಯಜಮಾನ್ರ ಮೇಲೆ ನಂಗೆ ಸಿಟ್ಟಿಲ್ಲಮ್ಮ. ಮಕ್ಕಳದ್ದು ಬೇರೆ ಕಡೆ ಹೇಳ್ತೀನಿ," ಎಂದರು. ಕೂತ್ಕೊಳ್ಳಿ ಅನ್ನಲಿಲ್ಲ.

ಅಕ್ಕ ಮನೆಗೆ ಬಂದಾಗ ಗಂಡ ಗಾಜಿಗೆ ಅಂಟಿದ್ದನ್ನು ಉಗುರಿನಿಂದ ಕೆರೆಯುತ್ತಿದ್ದ. ತಮ್ಮ ಊಟಕ್ಕೆ ಕೂತಿದ್ದ.

"ಅಕ್ಕ, ಬೀದಿಯಲ್ಲೆಲ್ಲ ನಮ್ಮ ಅಂಗಡಿದೇ ಮಾತು. ಇಷ್ಟು ಪ್ರಚಾರ ದುಡ್ಡು ಕೊಟ್ರೂ ಸಿಗಲ್ಲ."

"ಉಂಡಾಯ್ತಾ?"

"ಇನ್ನೊಂದು ಚೂರು ಹಾಕು."

ಅವಳು ಬಡಿಸಿದಳು. ಅವನು ಬೆರಳು ನೆಕ್ಕಿ ಮುಗಿಸುವವರೆಗೂ ಎದುರಿಗೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಅವನ ಚೀಲ ತಂದು ಹೊಸ್ತಿಲಾಚೆ ಇಟ್ಟಳು. ಅದರ ಮೇಲೆ ಚೌಕಟ್ಟು.

"ಯಾರೋ ಏನೋ ಅಂದ್ರು ಅಂತ ಒಡಹುಟ್ಟಿದವನನ್ನ ಓಡಿಸ್ತೀಯಾ?"

"ಯಾರೂ ಏನೂ ಅನ್ನಲಿಲ್ಲ ಕಣೋ. ಅಂದಿದ್ರೆ ಇಟ್ಕೋತಿದ್ದೆ."

ಅವನು ಭಾವನ ಕಡೆ ನೋಡಿದ. ಭಾವ ಗಾಜು ಕೆರೆಯುತ್ತಲೇ ಇದ್ದ.

"ಹೊಸದು ಅಂದ್ರೆ ನಿಮ್ಗೆಲ್ಲ ಭಯ," ಎನ್ನುತ್ತ ಐಡಿಯಾ ಬಾಗಿ ಬೂಟಿನ ದಾರ ಬಿಗಿದ. ಭಾವನೇ ಹೊಲಿದುಕೊಟ್ಟ ಬೂಟು. ಬೆಲೆ ಎಷ್ಟೆಂದು ಅವನೆಂದೂ ಕೇಳಿದವನಲ್ಲ. ಚೀಲ ಹೆಗಲಿಗೇರಿಸಿ, ಚೌಕಟ್ಟಿನ ಧೂಳನ್ನು ತೋಳಿನಿಂದ ಒರೆಸಿ, ಬಲು ಜೋರಾಗಿ ನಡೆದ. ಕಾಲಿಗೆ ಎಲ್ಲೂ ಕಚ್ಚದ ಬೂಟು ಅದು.