ನನ್ನ ವಿಮಾನದ ಹೆಸರು ಮೇಡಂ ಅಲ್ಲ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಣ್ಣ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೆ. ಕೃಷ್ಣಮೂರ್ತಿಪುರದ ಮನೆಯಿಂದ ಊರಾಚೆಯ ವಿಮಾನ ಮೈದಾನಕ್ಕೆ ಅಪ್ಪನ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ನೌಕರಿಯ ಆಸೆಯಿರಲಿಲ್ಲ, ಖುಷಿಗೆ ಹಾರಲು ಒಂದು ಲೈಸೆನ್ಸ್ ಸಿಕ್ಕರೆ ಸಾಕಿತ್ತು.

ಮೊದಲು ಕಲಿಸಿದ್ದು ರೇಡಿಯೋದಲ್ಲಿ ಮಾತಾಡುವುದನ್ನು. ಆಕಾಶದಲ್ಲಿ ಪೈಲಟ್‌ಗೆ ಹೆಸರಿಲ್ಲ, ವಿಮಾನಕ್ಕಿದೆ. ಅದರ ಮೈಮೇಲೆ ಬರೆದ ಐದು ಅಕ್ಷರಗಳೇ ಆ ಹೆಸರು. ಗದ್ದಲದಲ್ಲಿ ಪಿ, ಬಿ ಒಂದೇ ಥರ ಕೇಳಿಸುವುದರಿಂದ ಪ್ರತಿ ಅಕ್ಷರಕ್ಕೂ ಒಂದೊಂದು ಪದ. ಮೊದಲ ಸಲ ಐದನ್ನೂ ಹೇಳಬೇಕು. ಹಾರಲು, ಇಳಿಯಲು ಅಪ್ಪಣೆ ಕೊಡುವ ಟವರಿನ ಅಧಿಕಾರಿ ಮೊಟಕು ಮಾಡಿ ಕರೆದರೆ ಮಾತ್ರ ನಾವೂ ಮೊಟಕು ಮಾಡಬಹುದು. ನನ್ನದರ ಮೊಟಕು ಹೆಸರು 'ವಿಕ್ಟರ್ ಕಿಲೋ ಪಾಪಾ', ಅಂದರೆ ವಿ, ಕೆ, ಪಿ. ಅಡುಗೆಮನೆಯಲ್ಲಿ ಅದನ್ನೇ ಗುನುಗುತ್ತಿದ್ದರೆ ಅಮ್ಮ, "ಆ ಪಾಪಾನ ಆಮೇಲೆ ಕರೀವಂತೆ, ಒಗ್ಗರಣೆ ಸೀದೋಗ್ತಿದೆ, ಇಳಿಸ್ಬುಡು ಕಣಮ್ಮ" ಅನ್ನುತ್ತಿದ್ದಳು.

ಟವರಿನ ಅಧಿಕಾರಿ ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ. ಗಂಡಸರ ವಿಮಾನಗಳಿಗೆಲ್ಲ ಅಕ್ಷರ, ನನಗೆ ಬರೀ 'ಮೇಡಂ'. ಒಂದು ದಿನ ಇಳಿದವಳೇ ಅವರ ಬಳಿ ಹೋಗಿ ಕೇಳಿದೆ.

"ಸಾರ್, ನನ್ನ ವಿಮಾನದ ಹೆಸರು ಹಿಡಿದು ಕರೀರಿ."

"ಮರ್ಯಾದೆ ಕೊಟ್ರೂ ತಪ್ಪಾ? ಇಲ್ಲಿ ಹಾರೋ ಹೆಂಗಸು ನೀವೊಬ್ರೇ ಕಣ್ರೀ. ಎಲ್ರಿಗೂ ಗೊತ್ತಾಗುತ್ತೆ, ಬುಡಿ" ಎಂದು ನಕ್ಕರು.

ಮೈ ಉರಿದುಹೋಯಿತು. ನಿಯಮ ಅಂದರೆ ನಿಯಮ. ನನ್ನೊಬ್ಬಳಿಗೆ ಅದು ಯಾಕೆ ಬೇಡ?

ಮುಂದಿನ ವರ್ಷ ವಿದ್ಯಾರಣ್ಯಪುರದ ದಂತವೈದ್ಯೆಯೊಬ್ಬರು ಕಲಿಯಲು ಸೇರಿದರು. ಆಗಲೂ ಆತ ಬದಲಾಗಲಿಲ್ಲ. ಒಂದು ಬೆಳಿಗ್ಗೆ ನಾವಿಬ್ಬರೂ ಬೇರೆ ಬೇರೆ ವಿಮಾನಗಳಲ್ಲಿ ಒಂಟಿಯಾಗಿ ಹಾರುತ್ತಿದ್ದೆವು. ನಾನು ಇಳಿಯಲೆಂದು ರನ್‌ವೇ ಕಡೆ ತಿರುಗಿದ್ದೆ. ಆಗ ಟವರಿನಿಂದ, "ಮೇಡಂ, ಕ್ಲಿಯರ್ಡ್ ಟು ಲ್ಯಾಂಡ್." ಇಳಿಯಲು ಅಪ್ಪಣೆ! ಅದು ತನಗೇ ಎಂದು ಇಬ್ಬರೂ ಒಟ್ಟಿಗೇ ಉತ್ತರಿಸಿ ದನಿಗಳು ಕಲಸಿಹೋಗಿರಬೇಕು, ಕಿವಿಯಲ್ಲಿ ಬರೀ ಕಿರ್ರೆಂಬ ಸದ್ದು. ಸ್ವಲ್ಪ ಹೊತ್ತಿಗೆ ಮೇಲೇಕೋ ನೆರಳಾಯಿತು. ತಲೆಯೆತ್ತಿದರೆ ದಂತವೈದ್ಯೆಯ ವಿಮಾನದ ಚಕ್ರಗಳು! ಕೆಳಗಿದ್ದ ನಾನು ಅವರಿಗೆ ಕಾಣುವಂತಿರಲಿಲ್ಲ. ಬಲಕ್ಕೆ ತಿರುಗಿಸಿ, ದೂರ ಸರಿದು ಮೇಲೇರಿ, ಐದೂ ಅಕ್ಷರಗಳನ್ನು ಕೂಗಿ ಹೇಳಿದೆ. ಅವರು ಇಳಿದರು. ಒಂದು ಸುತ್ತು ಹಾಕಿ ನಾನೂ ಇಳಿದೆ.

ಕೆಳಗೆ ಆ ಅಧಿಕಾರಿ ನಮ್ಮ ಮುಖ್ಯ ತರಬೇತುದಾರರಿಗೆ ಹೇಳುತ್ತಿದ್ದರು, "ಹೆಂಗಸ್ರು ನೋಡಿ ಸಾರ್, ಗಾಬರಿಯಾಗ್ಬುಟ್ರು."

ನಾನು ಬಾಯಿ ತೆರೆಯುವ ಮೊದಲೇ ದಂತವೈದ್ಯೆ ಮುಂದೆ ಬಂದರು. "ಗಾಬ್ರಿ ಯಾರಿಗ್ರೀ ಆಗಿದ್ದು? ಎರಡು ವಿಮಾನಾನೂ ನೆಟ್ಟಗೆ ಇಳಿದಿವೆ. ಯಾವ ಮೇಡಂಗೆ ಇಳೀರಿ ಅಂದ್ರಿ ನೀವು, ಅದನ್ನ ಹೇಳಿ."

ಆ ಅಧಿಕಾರಿ ಟವರಿನ ಕಡೆ ಹೊರಟುಬಿಟ್ಟರು. ತರಬೇತುದಾರರು, "ದೊಡ್ಡದು ಮಾಡ್ಬೇಡಿ ಕಣಮ್ಮ" ಅಂದರು. ಇಬ್ಬರು ಸಾಯುವುದಿತ್ತು, ದೊಡ್ಡದು ಮಾಡಬಾರದಂತೆ!

ಮರುದಿನ ಎಂಜಿನ್ ಚಾಲೂ ಮಾಡಿ ರನ್‌ವೇ ಅಂಚಿನಲ್ಲಿ ನಿಂತೆ. ನನ್ನ ಹಿಂದೆ ದಂತವೈದ್ಯೆ, ಅವರ ಹಿಂದೆ ಉಳಿದ ವಿದ್ಯಾರ್ಥಿಗಳು. "ಮೇಡಂ, ಹೊರಡಿ" ಎಂದಿತು ರೇಡಿಯೋ. ಇಬ್ಬರೂ ಸುಮ್ಮನಿದ್ದೆವು. ಮತ್ತೆ ಮೇಡಂ, ಮತ್ತೆ ಮೌನ. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಹಲ್ಲು ಕಚ್ಚಿದ ದನಿಯಲ್ಲಿ ನನ್ನ ವಿಮಾನದ ಅಕ್ಷರಗಳು ಒಂದೊಂದಾಗಿ ಬಂದವು. ಹೊರಟೆ.

ಶಿಸ್ತು ಮೀರಿದೆವೆಂದು ನಮ್ಮಿಬ್ಬರ ಹಾರಾಟವನ್ನು ಕೆಲವು ದಿನ ನಿಲ್ಲಿಸಿದರು. ಆತನಿಗೆ ಯಾರೂ ಏನೂ ಅನ್ನಲಿಲ್ಲ. ಅಕ್ಷರಗಳನ್ನು ಆಮೇಲೆ ಅವರು ತಪ್ಪದೆ ಹೇಳಿದರು, ಕ್ಷಮೆಯನ್ನಂತೂ ಕೇಳಲಿಲ್ಲ. ಲೈಸೆನ್ಸ್ ಬಂದ ದಿನ ಅಪ್ಪ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನನಗಿನ್ನೂ ಸಿಟ್ಟು ಇಳಿದಿರಲಿಲ್ಲ.